ಕ್ಯಾಥ್‌ಲ್ಯಾಬಿಗೆ ಬಂದ ಏಳೂವರೆ ಶನಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ಕಾಲದಿಂದಲೂ ಇದೆ. ಹಾಗಂತ ಅದನ್ನು ಪೂರ್ತಿ ನಂಬುವ ಧೈರ್ಯವಿಲ್ಲ. ನಡೆದದ್ದನ್ನು ಆ ಸಂಜೆ ನಾನು ಹೇಗೆ ಅರ್ಥಮಾಡಿಕೊಂಡೆನೋ ಅಷ್ಟೇ ಅದರಲ್ಲಿರುವುದು. ಒಂದು ಪುಟದಲ್ಲಿ ‘ಡಾಕ್ಟರು ಕೋಪ ಮಾಡಿಕೊಂಡು ಹೊರಟುಹೋದರು’ ಎಂದು ಬರೆದಿದ್ದೇನೆ. ನನ್ನ ತಲೆಯೊಳಗಿರುವ ಚಿತ್ರದಲ್ಲಿ ಅವರು ನಗುತ್ತಿದ್ದಾರೆ. ಆಗ ಜೊತೆಗಿದ್ದ ಸಿಸ್ಟರ್ ಜಯಮ್ಮನನ್ನು ಕೇಳಿದರೆ, “ಅವತ್ತು ಅವ್ರು ರಜಾ ಇದ್ರಲ್ಲ ಮೇಡಂ” ಅನ್ನುತ್ತಾರೆ. ಮೂವರಲ್ಲಿ ಯಾರು ಸರಿ ಎಂದು ಹೇಳಲಾರೆ.

ನಾನು ಹಾಸನದ ಒಂದು ಹೃದ್ರೋಗ ಆಸ್ಪತ್ರೆಯ ಕ್ಯಾಥ್‌ಲ್ಯಾಬಿನಲ್ಲಿ ಟೆಕ್ನಾಲಜಿಸ್ಟ್ ಆಗಿದ್ದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಆಮೇಲೆ ಮೈಸೂರಿನಲ್ಲಿ ಎಕ್ಸ್‌ರೇ ಕೆಲಸ ಕಲಿತು ಬಂದವಳು. ಈಗ ಅದೇ ಕೋರ್ಸ್ ಮುಗಿಸಿದ ಹುಡುಗ ಹುಡುಗಿಯರು ಫೋನ್ ಮಾಡಿ “ಮೇಡಂ, ಈ ಲೈನಲ್ಲಿ ಸ್ಕೋಪ್ ಹೆಂಗಿದೆ?” ಅಂತ ಕೇಳುತ್ತಾರೆ. ಸಂಬಳ, ಬಡ್ತಿಯ ವಿಷಯ ಬೇರೆಯವರು ಹೇಳಿಯಾರು. ಕೆಲಸ ಹೇಗಿತ್ತು ಎನ್ನುವುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಕ್ಯಾಥ್‌ಲ್ಯಾಬ್ ಎಂದರೆ, ತೊಡೆಯ ಸಂದಿಯಲ್ಲಿ ಒಂದು ರಕ್ತನಾಳಕ್ಕೆ ಸೂಜಿ ಚುಚ್ಚಿ, ಅದರೊಳಗಿಂದ ಸಣ್ಣ ಕೊಳವೆಯನ್ನು ಹೃದಯದವರೆಗೂ ತಳ್ಳಿಕೊಂಡು ಹೋಗಿ, ಎದೆ ಸೀಳದೆ ಒಳಗಿನ ಕೆಲಸ ಮುಗಿಸಿ ಬರುವ ಕೋಣೆ. ಕೊಳವೆ ಎಲ್ಲಿದೆ ಎಂದು ನೋಡಲು ಎಕ್ಸ್‌ರೇ ಬೇಕು. ಅದೂ ಒಂದು ಚಿತ್ರವಲ್ಲ, ಸಿನಿಮಾ ಥರ ಓಡುವ ಚಿತ್ರಗಳು. ಮಂಚದ ಕೆಳಗಿನಿಂದ ಕಿರಣ ಬರುತ್ತದೆ, ಮೇಲಿರುವ ಚೌಕದ ಹಲಗೆ ಅದನ್ನು ಹಿಡಿದು ಪರದೆಗೆ ಕೊಡುತ್ತದೆ. ಡಾಕ್ಟರ ಕಾಲ ಬಳಿ ಒಂದು ಪೆಡಲ್ ಇರುತ್ತದೆ. ಅದನ್ನು ತುಳಿದಷ್ಟು ಹೊತ್ತೂ ಕಿರಣ ಮಗುವಿನ ಎದೆಯ ಮೂಲಕ ಹಾಯುತ್ತಲೇ ಇರುತ್ತದೆ. ಗಾಜಿನ ಆಚೆ ಕೂತು ಯಂತ್ರ ನಡೆಸುವುದು ನನ್ನ ಕೆಲಸ.

ನಮಗೆ ಬಂದಿದ್ದು ದೊಡ್ಡವರಿಗಾಗಿ ಸಿದ್ಧಮಾಡಿದ ಯಂತ್ರ. ವಾರದಲ್ಲಿ ಐದು ದಿನ ದೊಡ್ಡವರ ಹೃದಯಾಘಾತಗಳು, ಬುಧವಾರ ಮಾತ್ರ ಮಕ್ಕಳು. ಮಗು ಎಂದರೆ ಸಣ್ಣ ಸೈಜಿನ ದೊಡ್ಡ ಮನುಷ್ಯ ಎಂದೇ ಯಂತ್ರ ತಿಳಿದಿತ್ತು. ನಾವೂ ಹೆಚ್ಚುಕಡಿಮೆ ಹಾಗೇ ತಿಳಿದಿದ್ದೆವು.

ಅಂಥ ಒಂದು ಬುಧವಾರ ನನ್ನ ಅಕ್ಕನ ಮೊಮ್ಮಗಳು ಹಂಸ ಆ ಮಂಚದ ಮೇಲೆ ಮಲಗಿದಳು. ಅಕ್ಕನ ಮನೆ ಹಳ್ಳಿಮೈಸೂರಿನ ಹತ್ತಿರ. ಅಕ್ಕನ ಮಗಳು ಲತಾ ಮಗುವನ್ನು ಎತ್ತಿಕೊಂಡು ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದಿದ್ದಳು. ಹಂಸನಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ಬಾಗಿಲು ಬಿಗಿದುಕೊಂಡಿತ್ತು, ಅಳುವಾಗ ತುಟಿ ನೀಲಿಯಾಗುತ್ತಿತ್ತು. ಮಕ್ಕಳ ಹೃದಯ ನೋಡುವ ಡಾ. ಪುಟ್ಟಸ್ವಾಮಿ ಕೊಳವೆಯ ತುದಿಯಲ್ಲಿದ್ದ ಬಲೂನನ್ನು ಆ ಬಾಗಿಲಲ್ಲಿ ಊದಿದರು. ಪರದೆಯ ಮೇಲೆ ಬಲೂನಿಗೆ ನಡು ಕಟ್ಟಿದ ಹಾಗೆ ಕಾಣಿಸಿ, ಆಮೇಲೆ ಪಟ್ಟನೆ ಆ ನಡು ಬಿಚ್ಚಿಕೊಂಡಿತು. ಬಾಗಿಲು ತೆರೆದಿತ್ತು. ಲತಾ ಹೊರಗೆ ಅತ್ತಳು, ನಾನು ಗಾಜಿನ ಹಿಂದೆ ಅತ್ತೆ.

ಕೇಸು ಮುಗಿದ ಮೇಲೆ ಯಂತ್ರ ತಾನಾಗಿಯೇ ಒಂದು ಅಂಕಿ ತೋರಿಸುತ್ತದೆ. ಅದನ್ನು ಡೋಸ್ ಅನ್ನುತ್ತೇವೆ, ಅಂದರೆ ಆ ಹೊತ್ತಿನಲ್ಲಿ ರೋಗಿಯ ಮೈಗೆ ಹಾಕಿದ ಕಿರಣದ ಪ್ರಮಾಣ. ಪ್ರತಿದಿನ ನೋಡುತ್ತಿದ್ದ ಅಂಕಿಯೇ ಅದು. ಅವತ್ತು ನಮ್ಮ ಮಗುವಿನದು ಎಂಬ ಕಾರಣಕ್ಕೆ ನಿಂತು ಓದಿದೆ. ಹಿಂದಿನ ದಿನ ಗುಂಡಿಗೆ ಹಿಡಿದುಕೊಂಡು ಬಂದಿದ್ದ ಒಬ್ಬ ಗಟ್ಟಿಮುಟ್ಟಾದ ಗಂಡಸಿನ ಅಂಕಿಗೂ ಇದಕ್ಕೂ ಬಹಳ ವ್ಯತ್ಯಾಸ ಇರಲಿಲ್ಲ.

ಡಾ. ಪುಟ್ಟಸ್ವಾಮಿ ಕೈ ತೊಳೆಯುತ್ತಿದ್ದರು. ಹೇಳಿದೆ. ಅವರು ತಿರುಗಿ ನೋಡಿ, “ವಾಲ್ವ್ ತೆರೀತಲ್ಲಮ್ಮ, ಇನ್ನೇನು ಬೇಕು ನಿಮಗೆ?” ಅಂದರು.

“ಮತ್ತೆ ಬರಬೇಕಾಗುತ್ತಾ ಸರ್?”

“ಬರಬೋದು. ನಾಲ್ಕೈದು ವರ್ಷಕ್ಕೆ ಮತ್ತೆ ಬಿಗಿದ್ರೆ ಇನ್ನೊಂದು ಬಲೂನು. ಹೃದಯದ ಮೇಲಿನ ಎರಡು ಕೋಣೆ ನಡುವಿನ ಗೋಡೇಲಿ ಒಂದು ತೂತೂ ಇದೆ. ಅದು ತಾನಾಗೇ ಮುಚ್ಚಲಿಲ್ಲ ಅಂದ್ರೆ ದೊಡ್ಡವಳಾದ ಮೇಲೆ ಅದಕ್ಕೊಂದ್ಸಲ.”

ನನ್ನ ಲೆಕ್ಕ ಅಲ್ಲಿ ಶುರುವಾಯಿತು. ಚಿಕ್ಕ ಮಕ್ಕಳ ಮೈ ಬೆಳೆಯುತ್ತಿರುತ್ತದೆ, ಬೆಳೆಯುವ ಜೀವಕೋಶಕ್ಕೆ ಕಿರಣ ಹೆಚ್ಚು ತಾಕುತ್ತದೆ. ಅದರ ಕೆಡುಕು ಏನಾದರೂ ಇದ್ದರೆ ಹೊರಗೆ ಬರಲು ಅವರ ಮುಂದೆ ಇಡೀ ಆಯುಸ್ಸು ಇದೆ. ಬಲೂನು ಹಾಕದಿದ್ದರೆ ಹಂಸ ಉಳಿಯುತ್ತಿರಲಿಲ್ಲ, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ಅಂಕಿ ಎರಡನೇ ಸಲ, ಮೂರನೇ ಸಲ ಬೀಳುವ ಅಗತ್ಯ ಇತ್ತೇ? ಅವಳು ಮತ್ತೆ ಬರುವುದರೊಳಗೆ ಇದನ್ನು ಇಳಿಸಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಮಿಕ್ಕ ಮಕ್ಕಳ ಬಗ್ಗೆ ಆ ದಿನ ಯೋಚಿಸಿದೆನೇ? ಯೋಚಿಸಿದೆ ಎಂದು ಬರೆಯಲು ಆಸೆಯಿದೆ, ಖಚಿತವಿಲ್ಲ.

ಮೊದಲ ಅಡ್ಡಿ ಡಾಕ್ಟರ ಕಾಲು. ಪುಟ್ಟಸ್ವಾಮಿಯವರು ಅರಕಲಗೂಡಿನ ಕಡೆಯವರು, ಕೈ ಬಂಗಾರ, ಬಾಯಿ ಮಾತ್ರ ಖಾರ. ಅವರ ಕಾಲು ಪೆಡಲ್ ಬಿಟ್ಟು ಏಳುತ್ತಿರಲಿಲ್ಲ. ಪರದೆ ನೋಡುವುದನ್ನು ಬಿಟ್ಟು ಜಯಮ್ಮನ ಕೈಯಿಂದ, ಕೊಳವೆಗೆ ದಾರಿ ತೋರುವ ತಂತಿ ತೆಗೆದುಕೊಳ್ಳುವಾಗಲೂ ಕಾಲು ಒತ್ತಿಯೇ ಇರುತ್ತಿತ್ತು. ಯಾರೂ ನೋಡದ ಸಿನಿಮಾ ಓಡುತ್ತಿತ್ತು.

ಡಾಕ್ಟರಿಗೆ ‘ಕಾಲು ತೆಗೀರಿ’ ಎಂದು ಹೇಳುವುದು ಹೇಗೆ? ನಾನು ಕೆಲವು ವಾರ ಅದನ್ನೇ ಯೋಚಿಸುತ್ತಿದ್ದೆ. ಕೊನೆಗೆ ಜಯಮ್ಮನೇ ಒಂದು ದಿನ ತಂತಿ ಕೊಡುವ ಬದಲು ಕೈಯಲ್ಲೇ ಹಿಡಿದು ನಿಂತರು.

“ಕೊಡಮ್ಮ!”

“ಕಾಲು ಸಾ.”

“ಕಾಲಿಗೇನಾಯ್ತು?”

“ಏನೂ ಆಗಿಲ್ಲ ಸಾ. ಕ್ಲಚ್ ಮೇಲೇ ಕಾಲಿಟ್ಕಂಡು ಬಸ್ ಓಡ್ಸೋ ಡ್ರೈವರ್ ಥರ ಮಡಗ್ಬುಟ್ಟಿದ್ದೀರ.”

ಮಾಸ್ಕಿನ ಮೇಲೆ ಅವರ ಕಣ್ಣು ದೊಡ್ಡದಾಯಿತು. ಬೈಗುಳ ಬರುತ್ತದೆ ಎಂದು ನಾನು ಕಾದೆ. “ನೋಡಿದ್ರಾ ವಿಮಲಾ,” ಎಂದು ಮೈಕಿನಲ್ಲಿ ನನಗೆ ಕೇಳುವ ಹಾಗೆ ಹೇಳಿದರು, “ಊರಿನವರೆಲ್ಲ ನನ್ನ ಕಾಲು ಹಿಡ್ಕೋತಾರೆ. ನಿಮ್ಮ ಸಿಸ್ಟರ್ ಒಬ್ರೇ ಕಾಲು ತೆಗೀರಿ ಅನ್ನೋದು.” ಆದರೂ ಕಾಲು ತೆಗೆದರು.

ಅಂದಿನಿಂದ ‘ಕಾಲು ಸಾ’ ನಮ್ಮ ಲ್ಯಾಬಿನ ಮಾತಾಯಿತು. ಪೆಡಲ್ ಬಿಟ್ಟರೂ ಕೊನೆಯ ಚಿತ್ರ ಪರದೆಯ ಮೇಲೆ ನಿಂತಿರುತ್ತದೆ. ಅದನ್ನೇ ನೋಡಿ ಯೋಚಿಸಬಹುದು, ಮಾತಾಡಬಹುದು, ಕೈ ಬದಲಾಯಿಸಬಹುದು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ದುಬಾರಿ ಉಪಕರಣ ಕೊಳ್ಳುವ ಮುಂಚೆ ಡಾಕ್ಟರ ಕಾಲು ನೋಡಿ.

ಎರಡನೆಯದು ಚಿತ್ರಗಳ ಓಟ. ಯಂತ್ರ ಸೆಕೆಂಡಿಗೆ ಹದಿನೈದು ಚಿತ್ರ ತೆಗೆಯುತ್ತಿತ್ತು. ಅದರ ಅರ್ಧಕ್ಕೆ, ಏಳೂವರೆಗೆ ಇಳಿಸುವ ಗುಂಡಿಯೂ ಇತ್ತು, ಯಾರೂ ಒತ್ತಿರಲಿಲ್ಲ. ಚಿತ್ರ ಕಡಿಮೆಯಾದರೆ ಕಿರಣವೂ ಕಡಿಮೆ. ಪುಟ್ಟಸ್ವಾಮಿಯವರಿಗೆ ಹೇಳಿದಾಗ ಅವರು ಒಂದು ಕ್ಷಣ ನನ್ನನ್ನೇ ನೋಡಿದರು.

“ಎಷ್ಟು ಅಂದ್ರಿ?”

“ಏಳೂವರೆ ಸರ್.”

“ಏಳೂವರೆ! ನನ್ನ ಜಾತಕದಲ್ಲಿ ಈಗ ತಾನೇ ಏಳೂವರೆ ಶನಿ ಬಿಟ್ಟು ಹೋಗಿದ್ದಾನೆ. ನೀವು ಆಟೋ ಮಾಡ್ಕೊಂಡು ವಾಪಸ್ ಕರ್ಕೊಂಡು ಬಂದ್ರಾ?”

ಲ್ಯಾಬಿಗೆ ಲ್ಯಾಬೇ ನಕ್ಕಿತು. ಮೊದಲ ಸಲ ಹಾಕಿದಾಗ ಅವರು ನಗಲಿಲ್ಲ. ತಂತಿ ಪರದೆಯ ಮೇಲೆ ಹರಿಯುವ ಬದಲು ಕುಪ್ಪಳಿಸಿದಂತೆ ಕಾಣುತ್ತಿತ್ತು. ಜೊತೆಗೆ ಕಿರಣದ ಬಲವನ್ನೂ ಒಂದು ಹಂತ ಇಳಿಸಿದ್ದರಿಂದ ಚಿತ್ರ ಒರಟಾಗಿತ್ತು. “ಇದೇನ್ರೀ ಇದು, ನುಚ್ಚಕ್ಕಿ ಎರಚಿದಂಗಿದೆ! ಇದರಲ್ಲಿ ನಾನು ಹೃದಯ ಹುಡುಕಲಾ, ಕಲ್ಲು ಆರಿಸಲಾ?”

ನಾವು ಒಂದು ಒಪ್ಪಂದ ಮಾಡಿಕೊಂಡೆವು. ಪ್ರತಿ ಮಗುವಿಗೂ ಏಳೂವರೆಯಲ್ಲೇ ಶುರುಮಾಡುವುದು. ಅವರಿಗೆ ಕಾಣಲಿಲ್ಲವೆಂದರೆ ‘ಶನಿ ಬಿಡ್ಸಿ’ ಅನ್ನುವುದು, ನಾನು ಮರುಮಾತಿಲ್ಲದೆ ಹದಿನೈದಕ್ಕೆ ಏರಿಸುವುದು. ಕಷ್ಟದ ಜಾಗ ದಾಟಿದ ಮೇಲೆ ಅವರೇ ‘ಶನಿ ಹಾಕಿ’ ಅನ್ನಬೇಕು. ಮೊದಮೊದಲು ಒಂದೊಂದು ಕೇಸಿನಲ್ಲೂ ಶನಿ ಬಂದು ಹೋಗಿ ಮಾಡಿ ಸುಸ್ತಾಗುತ್ತಿದ್ದ. ಬರಬರುತ್ತಾ ‘ಬಿಡ್ಸಿ’ ಎನ್ನುವ ಕೂಗು ಕಡಿಮೆಯಾಯಿತು. ಒಂದು ಬುಧವಾರ ಬೆಳಗಿನಿಂದ ಸಾಲು ಸಾಲಾಗಿ ಮಕ್ಕಳನ್ನು ಮುಗಿಸಿ ಕಾಫಿ ಕುಡಿಯುವಾಗ, “ಇವತ್ತು ಏನು, ಶನಿ ರಜಾನಾ?” ಅಂದರು. ಇಡೀ ದಿನ ಏಳೂವರೆಯಲ್ಲೇ ಕೆಲಸ ಮಾಡಿದ್ದರು, ಅವರಿಗೇ ಗೊತ್ತಾಗಿರಲಿಲ್ಲ. ಕಣ್ಣು ನುಚ್ಚಿಗೆ ಹೊಂದಿಕೊಂಡಿತ್ತು.

ಇಲ್ಲಿ ಒಂದು ಮಾತು. ಇದನ್ನು ನಾನು ಗೆದ್ದ ಜಗಳವೆಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ. ಈಗ ಯೋಚಿಸಿದರೆ, ಒರಟು ಚಿತ್ರದಲ್ಲಿ ಮಗುವಿನ ಹೃದಯದೊಳಗೆ ಕೈ ಆಡಿಸುವ ಅಪಾಯ ಅವರದ್ದಾಗಿತ್ತು. ಗುಂಡಿ ಒತ್ತಿದ್ದು ಮಾತ್ರ ನಾನು. ಅವರು ಬೈಯುತ್ತಲೇ ಕಲಿತರು. ಕಲಿಯದೇ ನಗುನಗುತ್ತಾ ಮಾತಾಡಿಸಿದ ಮೇಲಧಿಕಾರಿಗಳೂ ನನಗೆ ಸಿಕ್ಕಿದ್ದಾರೆ, ಅವರ ಬಗ್ಗೆ ಬರೆಯಲು ಏನೂ ಇಲ್ಲ.

ಯಡವಟ್ಟುಗಳೂ ಆದವು. ದೊಡ್ಡದು ಜಾಲರಿಯದ್ದು. ಚಿತ್ರ ಹಿಡಿಯುವ ಹಲಗೆಯ ಮುಂದೆ ಒಂದು ತೆಳುವಾದ ಜಾಲರಿ ಇರುತ್ತದೆ. ದಪ್ಪ ಮೈಯೊಳಗೆ ಕಿರಣ ಅಡ್ಡಾದಿಡ್ಡಿ ಚದುರಿ ಚಿತ್ರ ಮಂಜಾಗುವುದನ್ನು ಅದು ತಡೆಯುತ್ತದೆ. ಪುಟ್ಟ ಮಕ್ಕಳಲ್ಲಿ ಚದುರುವುದೇ ಕಡಿಮೆ, ಅವರಿಗೆ ಜಾಲರಿ ಬೇಡ. ಅದನ್ನು ತೆಗೆದರೆ ಇನ್ನೂ ಕಡಿಮೆ ಕಿರಣದಲ್ಲಿ ಕೆಲಸ ಆಗುತ್ತದೆ. ಯಂತ್ರದ ಕಂಪನಿಯ ಎಂಜಿನಿಯರನ್ನು ಒಪ್ಪಿಸಿ, ತೆಗೆದು ಹಾಕುವುದನ್ನು ಕಲಿತೆವು. ಹಾಲು ಕುಡಿಯುವ ಒಂದು ಮಗುವಿಗೆ ತೆಗೆದೆವು, ಸೊಗಸಾಗಿ ನಡೆಯಿತು. ಆ ಖುಷಿಯಲ್ಲಿ ಅದನ್ನು ವಾಪಸ್ ಹಾಕಿದ್ದು ಜಯಮ್ಮ ಎಂದು ನಾನು, ನಾನು ಎಂದು ಜಯಮ್ಮ ತಿಳಿದುಕೊಂಡೆವು, ಇಬ್ಬರೂ ಹಾಕಿರಲಿಲ್ಲ.

ಮುಂದಿನ ಕೇಸು ತುರ್ತಾಗಿ ಬಂದ ಚನ್ನರಾಯಪಟ್ಟಣದ ಒಬ್ಬ ತೆಂಗಿನಕಾಯಿ ವ್ಯಾಪಾರಿ. ಮಂಚ ನರಳುವಂಥ ದೇಹ. ದೊಡ್ಡವರ ಡಾಕ್ಟರು ಪೆಡಲ್ ಒತ್ತಿದರೆ ಪರದೆಯ ಮೇಲೆ ಹೃದಯವೂ ಇಲ್ಲ, ಬೆನ್ನುಮೂಳೆಯೂ ಇಲ್ಲ, ಬೆಳ್ಳಗೆ ಹಬ್ಬಿದ ಮಂಜು.

“ಯಾರ್ರೀ ಪರದೆಗೆ ಮೊಸರು ಬಳಿದೋರು?”

ಮಂಚದ ಮೇಲಿದ್ದ ವ್ಯಾಪಾರಿಗೆ ಪ್ರಜ್ಞೆ ಇತ್ತು. ಎದೆನೋವಿನ ನಡುವೆಯೇ ಕತ್ತೆತ್ತಿ ಕೇಳಿದರು, “ಸಾ, ನನ್ನೊಳಗೆ ಏನೂ ಕಾಣ್ತಾ ಇಲ್ವಾ?”

“ಇದೆ ಯಜಮಾನ್ರೇ, ಎಲ್ಲಾ ಇದೆ, ಸುಮ್ನೆ ಮಲಕ್ಕಳಿ!” ಎಂದು ಜಯಮ್ಮ ಅವರ ತಲೆ ಒತ್ತಿ ಮಲಗಿಸಿದರು. ನಾನು ಓಡಿ ಜಾಲರಿ ತಂದು ಸಿಕ್ಕಿಸಿದೆ. ತಡವಾಗಿದ್ದು ಸ್ವಲ್ಪವೇ ಹೊತ್ತು, ಅವರು ಗುಣವಾಗಿ ಮನೆಗೆ ಹೋದರು. ಆಮೇಲಿಂದ ಜಾಲರಿ ತೆಗೆದಾಗಲೆಲ್ಲ ಅದರ ಪೆಟ್ಟಿಗೆಯನ್ನು ನನ್ನ ಕುರ್ಚಿಯ ಮೇಲೆ ಇಡುವುದೆಂದು ಮಾಡಿಕೊಂಡೆವು. ಜಾಲರಿ ತನ್ನ ಜಾಗಕ್ಕೆ ಸೇರುವವರೆಗೂ ನನಗೆ ಕೂರಲು ಆಗುತ್ತಿರಲಿಲ್ಲ. ನಿಯಮವನ್ನು ಗೋಡೆಗೆ ಅಂಟಿಸಿದರೆ ಯಾರೂ ಓದುವುದಿಲ್ಲ. ಕೂರುವ ಜಾಗದಲ್ಲಿ ಇಟ್ಟರೆ ಮರೆಯುವುದಿಲ್ಲ.

ಹೀಗೆ ನಾವು ಪಳಗುತ್ತಿರುವಾಗ, ಡಾಕ್ಟರು ಹೇಳಿದ್ದ ಹಾಗೆಯೇ ಹಂಸನ ವಾಲ್ವ್ ಮತ್ತೆ ಬಿಗಿಯಿತು. ಶಾಲೆಗೆ ಹೋಗುತ್ತಿದ್ದ ಹುಡುಗಿ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಈ ಸಲ ಅಕ್ಕನೂ ಜೊತೆಗೆ ಬಂದಳು. ಬುಧವಾರ ಬೆಳಿಗ್ಗೆ ಅವಳನ್ನು, ಲತಾಳನ್ನು ಲ್ಯಾಬಿನ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿ ಒಳಗೆ ಹೋದೆ. ಒಳಗೆ ಬೇರೊಂದು ಮಗುವಿನ ಕೇಸು ನಡೆಯುತ್ತಿತ್ತು. ಯಾರೋ ಔಷಧಿ ತರಲು ಬಾಗಿಲು ತೆರೆದರು. ಅದೇ ಹೊತ್ತಿಗೆ ಪುಟ್ಟಸ್ವಾಮಿಯವರ ದೊಡ್ಡ ಗಂಟಲು ಹೊರಗೆ ಹೋಯಿತು. “ಈ ಮಗೂಗೆ ಶನಿ ಹಾಕಿದ್ದೀರಾ ಇಲ್ವಾ? ಹಾಕಿ! ಮುಂದಿನ ಹುಡುಗಿಗೂ ಮೊದಲಿನಿಂದ್ಲೇ ಶನಿ ಹಾಕಿ!”

ಮುಂದಿನ ಹುಡುಗಿ ಹಂಸ.

ನಾನು ಹೊರಗೆ ಬಂದಾಗ ಬೆಂಚು ಖಾಲಿ. ಅಕ್ಕ ಹಂಸನ ಕೈ ಹಿಡಿದು ಗೇಟಿನವರೆಗೂ ನಡೆದುಬಿಟ್ಟಿದ್ದಳು, ಹಿಂದೆ ಲತಾ ಚೀಲ ಹಿಡಿದು ಓಡುತ್ತಿದ್ದಳು.

“ಎಲ್ಲಿಗಕ್ಕಾ?”

“ಊರ್ಗೆ ಓಯ್ತೀವಿ ಕಣೆ. ಮಗೀಗೆ ಶನಿ ಆಕ್ತೀರಂತೆ? ಬಿಡ್ಸಕ್ಕೆ ಅಂತ ನಾವು ಎಳ್ಳೆಣ್ಣೆ ಸುರ್ದೂ ಸುರ್ದೂ ಸಾಕಾಗಿ ಓಗಿದೀವಿ, ನೀವು ಆಸ್ಪತ್ರೇಲಿ ಆಕ್ಸೋದಾ? ಓದ್ಕಂಡಿರೋಳು ನೀನೂ ಅಂಗೇ ನಿಂತು ನೋಡ್ತಿದ್ದೀಯಲ್ಲೇ!”

ನನಗೆ ನಗು ಬಂತು, ಅದು ದೊಡ್ಡ ತಪ್ಪಾಯಿತು. ಅಕ್ಕ ಇನ್ನೂ ಕೆರಳಿದಳು. ಅವಳನ್ನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂರಿಸಿ ನಿಧಾನವಾಗಿ ಹೇಳಿದೆ. ಯಂತ್ರ ಸೆಕೆಂಡಿಗೆ ಹದಿನೈದು ಸಲ ಮಗುವಿನ ಎದೆಗೆ ಕಿರಣ ಬಿಡುತ್ತಿತ್ತು, ಈಗ ಅದರ ಅರ್ಧ ಸಾಕು ಎಂದು ಇಳಿಸಿದ್ದೇವೆ, ಆ ಅರ್ಧ ಏಳೂವರೆ, ಆದ್ದರಿಂದ ತಮಾಷೆಗೆ ಆ ಹೆಸರು. ಅಕ್ಕ ಕೇಳಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಂದ್ರೆ ಮಿಷನ್ನು ಮೊದ್ಲು ಬಿರ್ಬಿರ್ನೆ ನೋಡ್ತಿತ್ತು, ಈಗ ನಿಧಾನಕ್ಕೆ ನೋಡ್ತದೆ.”

“ಹೂಂ.”

“ಸರಿಯಾಗೇ ಇಟ್ಟವ್ರೆ ಎಸ್ರು. ಶನೈಶ್ಚರ ಅಂದ್ರೇನೇ ನಿಧಾನಕ್ಕೆ ನಡ್ಯೋನು ಅಂತ ಕಣೆ. ಕಾಟ ಕೊಡೋದು ಆಮೇಲಿನ ಮಾತು.” ಎದ್ದು ನಿಂತು ಮೊಮ್ಮಗಳಿಗೆ ಹೇಳಿದಳು, “ನಡಿ ಮಗ. ಚಿಕ್ಕಜ್ಜಿ ಅವ್ಳೆ, ಏನೂ ಆಗಕಿಲ್ಲ.”

ಇದನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳು ಪೂರ್ತಿ ಅಲ್ಲಗಳೆದಳು. ಗೇಟಿನವರೆಗೂ ಹೋಗಿದ್ದು ಲತಾ ಅಂತೆ, ತಾನು ಕರೆತರಲು ಹೋದದ್ದಂತೆ. ಲತಾ ಕೇಳಿ ಬಿದ್ದು ಬಿದ್ದು ನಕ್ಕಳು. ಶನೈಶ್ಚರನ ಮಾತು ಮಾತ್ರ ತನ್ನದೇ ಎಂದು ಅಕ್ಕ ಒಪ್ಪುತ್ತಾಳೆ.

ಆ ದಿನ ಹಂಸನಿಗೆ ಶುರುವಿನಿಂದಲೇ ಏಳೂವರೆ. ಕಿರಣ ಬೀಳುವ ಜಾಗವನ್ನು, ಕಿಟಕಿಯ ಬಾಗಿಲನ್ನು ಮುಕ್ಕಾಲು ಮುಚ್ಚಿದ ಹಾಗೆ, ಬರೀ ಆ ವಾಲ್ವಿನ ಸುತ್ತಕ್ಕೆ ಕಿರಿದು ಮಾಡಿದೆ. ಚಿತ್ರ ಹಿಡಿಯುವ ಹಲಗೆಯನ್ನು ಅವಳ ಎದೆಗೆ ಎಷ್ಟು ಹತ್ತಿರ ತರಬಹುದೋ ಅಷ್ಟು ತಂದೆ. ಜಯಮ್ಮ ಎರಡು ಸಲ ‘ಕಾಲು ಸಾ’ ಅಂದರು, ಎರಡು ಸಲವೂ ಕಾಲು ಮೊದಲೇ ಎದ್ದಿತ್ತು. “ನನ್ನನ್ನೇನು ಅಂದ್ಕೊಂಡಿದ್ದೀಯ ಜಯಮ್ಮ?” ಎಂದು ಅವರು ಗುಡುಗಿದರು. ಬಲೂನು ಊದಿತು, ನಡು ಬಿಚ್ಚಿತು, ಬಾಗಿಲು ತೆರೆಯಿತು. ಕೊನೆಯ ಅಂಕಿ ಬಂದಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಮೊದಲ ಸಲದ ಕಾಲು ಭಾಗವೂ ಇರಲಿಲ್ಲ. ಪುಟ್ಟಸ್ವಾಮಿಯವರು ಗಾಜಿನ ಈಚೆ ಬಂದು ಅದನ್ನೇ ಓದಿ, ನನ್ನ ಮೇಜಿನ ಮೇಲಿದ್ದ ಕೋಡುಬಳೆ ಡಬ್ಬಿಯಿಂದ ಒಂದು ಎತ್ತಿಕೊಂಡು ಹೋದರು. ಅವರು ಯಾರನ್ನೂ ಹೊಗಳಿದ್ದನ್ನು ನಾನು ಕಂಡಿಲ್ಲ, ತಿಂಡಿ ಕದ್ದರೆ ಖುಷಿಯಾಗಿದ್ದಾರೆ ಎಂದು ಅರ್ಥ.

ಆಮೇಲೆ ನಾವು ಅಂಕಿಯನ್ನು ಮನೆಯವರಿಗೂ ಹೇಳಲು ಶುರುಮಾಡಿದೆವು. ಇದು ನನ್ನ ಹಟ. ಮಗುವಿಗೆ ಯಾವ ಔಷಧಿ ಕೊಟ್ಟೆವು ಎಂದು ಹೇಳುತ್ತೇವೆ, ಎಷ್ಟು ಹೊಲಿಗೆ ಎಂದು ಹೇಳುತ್ತೇವೆ, ಇದನ್ನೇಕೆ ಹೇಳುವುದಿಲ್ಲ? ಆಡಳಿತದವರು “ಸುಮ್ಮನೆ ಜನರನ್ನ ಹೆದರಿಸ್ತೀರಿ” ಅಂದರು. ಪುಟ್ಟಸ್ವಾಮಿಯವರು “ಹೆದರಿಸದ ಹಾಗೆ ಹೇಳಲಿ, ಅವರಿಗೆ ಬರುತ್ತೆ” ಅಂದು ಕಳಿಸಿದರು. ನಿಜ ಹೇಳಬೇಕೆಂದರೆ ಬರುತ್ತಿರಲಿಲ್ಲ. ಅರಕಲಗೂಡು ಕಡೆಯ ಒಬ್ಬ ತಂದೆಗೆ ಹೇಳುತ್ತಿದ್ದೆ, ನಾವು ಸುಮ್ಮನೆ ಬದುಕಿದ್ದರೂ ಮಣ್ಣಿನಿಂದ, ಕಲ್ಲಿನಿಂದ, ಆಕಾಶದಿಂದ ದಿನಾ ಒಂದು ಚೂರು ಇಂಥ ಕಿರಣ ಬೀಳುತ್ತಲೇ ಇರುತ್ತದೆ ಎಂದು.

“ಒಲಕ್ಕೆ ಓದ್ರೂ ಬೀಳ್ತದಾ ಮೇಡಂ?”

“ಬೀಳ್ತದೆ.”

“ಮನೇಲಿದ್ರೂ?”

“ಬೀಳ್ತದೆ.”

ಅವರು ಹೆಂಡತಿಯ ಕಡೆ ತಿರುಗಿ, “ಕೇಳುಸ್ಕಂಡ್ಯಾ? ಎಲ್ಲಿದ್ರೂ ಒಂದೇ ಅಂತೆ. ಇನ್ಮ್ಯಾಕೆ ಒಲಕ್ಕೆ ಬರಕಿಲ್ಲ ಅನ್ಬ್ಯಾಡ” ಅಂದರು. ಹೆಂಡತಿ ಅವರ ತೋಳಿಗೆ ಗುದ್ದಿ, ನನ್ನ ಕಡೆ ನೋಡಿ ಕೇಳಬೇಕಾದ ಪ್ರಶ್ನೆ ಕೇಳಿದರು, “ನಮ್ಮ ಮಗೀಗೆ ಬಿದ್ದಿದ್ದು ಜಾಸ್ತಿನಾ, ಕಮ್ಮಿನಾ?” ಕಮ್ಮಿ ಎಂದು ಎದೆ ತಟ್ಟಿ ಹೇಳುವ ಹಾಗೆ ನಾವು ಆಗಿದ್ದೆವು. ಅದಕ್ಕಿಂತ ದೊಡ್ಡ ಸಂಪಾದನೆ ನನ್ನ ಕೆಲಸದಲ್ಲಿ ಇನ್ನೊಂದಿಲ್ಲ.

ಮೂರನೆಯ ಸಲ ಹಂಸ ಬಂದಾಗ ಹೈಸ್ಕೂಲಿನಲ್ಲಿದ್ದಳು. ವಾಲ್ವ್ ಚೆನ್ನಾಗಿತ್ತು, ಮೇಲಿನ ಗೋಡೆಯ ತೂತು ಮಾತ್ರ ಮುಚ್ಚಿರಲಿಲ್ಲ. ಕೊಳವೆಯ ಮೂಲಕ ಎರಡು ಪುಟ್ಟ ತಟ್ಟೆಗಳನ್ನು ಮಡಿಸಿ ಕಳಿಸಿ, ತೂತಿನ ಎರಡೂ ಕಡೆ ಕೊಡೆಯ ಹಾಗೆ ಬಿಚ್ಚಿ ಕೂರಿಸಬೇಕು. ನಾನು ಎಂದಿನಂತೆ ಏಳೂವರೆ ಹಾಕಿ ಕೂತೆ. ಪುಟ್ಟಸ್ವಾಮಿಯವರ ತಲೆ ಅಷ್ಟು ಹೊತ್ತಿಗೆ ಪೂರ್ತಿ ಬೆಳ್ಳಗಾಗಿತ್ತು. ಗಾಜಿನಾಚೆಯಿಂದ ಕೈ ಎತ್ತಿ ತೋರಿಸಿದರು.

“ವಿಮಲಾ, ಇವತ್ತು ನಿಮಗೆ ಕೆಲಸ ಇಲ್ಲ. ಶನಿನೂ ಬೇಡ, ಗುರುನೂ ಬೇಡ. ಬೆಳಕೇ ಬೇಡ. ಶಬ್ದದಲ್ಲೇ ನೋಡೋಣ.”

ಶಬ್ದ ಎಂದರೆ ಎಕೋ. ಕಿವಿಗೆ ಕೇಳದ ಶಬ್ದದಿಂದ ಚಿತ್ರ ಬರೆಯುವ ಯಂತ್ರ, ಅದರಲ್ಲಿ ಕಿರಣವೇ ಇಲ್ಲ. ಎಕೋ ನೋಡುವ ಡಾಕ್ಟರಮ್ಮ, ಮತ್ತಿನ ಔಷಧಿಯಿಂದ ನಿದ್ದೆಹೋದ ಹಂಸನ ಅನ್ನನಾಳಕ್ಕೆ ಅದರ ಕೊಳವೆ ಇಳಿಸಿ, ಹೃದಯದ ಬೆನ್ನ ಹಿಂದಿನಿಂದ ತೂತನ್ನು ಹಿಡಿದು ತೋರಿಸಿದರು. ಪುಟ್ಟಸ್ವಾಮಿಯವರು ಆ ಪರದೆ ನೋಡುತ್ತಾ ಕೊಳವೆ ತಳ್ಳಿದರು. ಇದನ್ನು ಅವರು ಎಷ್ಟು ತಿಂಗಳಿಂದ ಅಭ್ಯಾಸ ಮಾಡಿದ್ದರೋ, ನಮಗೆ ಹೇಳಿರಲಿಲ್ಲ. ನನ್ನ ಪರದೆ ಕಪ್ಪಾಗಿಯೇ ಇತ್ತು. ಇಷ್ಟು ವರ್ಷ ಬೆಳಗಿಸಿದ ಪರದೆ ಕಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಾ ಕೂತಿದ್ದು ಅದೇ ಮೊದಲು.

ಒಂದು ಕಡೆ ಕೊಳವೆಯ ತುದಿ ಎಕೋದಲ್ಲಿ ಕಾಣದಾಯಿತು. “ಒಂದೇ ಒಂದು” ಎಂದು ಪೆಡಲನ್ನು ಮುಟ್ಟಿ ಬಿಟ್ಟರು. ನಿಂತ ಚಿತ್ರ ನೋಡಿ ದಾರಿ ಸರಿಮಾಡಿಕೊಂಡರು. ಮೊದಲ ತಟ್ಟೆ ಬಿಚ್ಚಿಕೊಂಡಿತು. ಎರಡನೆಯದೂ. ಮೆಲ್ಲಗೆ ಎಳೆದು ನೋಡಿದರು, ತಳ್ಳಿ ನೋಡಿದರು, ಅಲುಗಲಿಲ್ಲ. ಬಿಡುವ ಮುಂಚೆ ಇನ್ನೊಮ್ಮೆ ಪೆಡಲ್ ಮುಟ್ಟಿದರು. ತಟ್ಟೆಗಳನ್ನು ಕೊಳವೆಯಿಂದ ಕಳಚಿ ಬಿಟ್ಟರು. ಜಯಮ್ಮನಿಗೆ ಆ ದಿನ ‘ಕಾಲು ಸಾ’ ಎನ್ನುವ ಅವಕಾಶವೇ ಸಿಗಲಿಲ್ಲ, ಅದಕ್ಕೆ ಅವರು ಆಮೇಲೆ ದೂರಿದರು.

ನಾನು ಅಂಕಿ ಓದಿದೆ. ಮೈಕಿನಲ್ಲಿ ಹೇಳಿದೆ. ಪುಟ್ಟಸ್ವಾಮಿಯವರು, “ಮೀಟರ್ ಕೆಟ್ಟಿದೆ, ನೋಡಿ” ಅಂದರು.

“ಇಲ್ಲ ಸರ್.”

“ಕೆಟ್ಟಿದೆ ಕಣ್ರೀ. ಅಷ್ಟು ಕಮ್ಮಿ ಬರಲ್ಲ. ಎಂಜಿನಿಯರ್‌ಗೆ ಫೋನ್ ಮಾಡಿ.”

ನಿಜಕ್ಕೂ ಮಾಡಿಸಿದರು. ಎಂಜಿನಿಯರು ಬಂದು ಪರೀಕ್ಷಿಸಿ, ಮೀಟರ್ ಸರಿಯಾಗಿದೆ ಎಂದು ಬರೆದುಕೊಟ್ಟ. ಪುಟ್ಟಸ್ವಾಮಿಯವರು ಆ ಚೀಟಿಯನ್ನು ಎರಡು ಸಲ ಓದಿ, ಲ್ಯಾಬಿನವರಿಗೆಲ್ಲ ಮಸಾಲೆ ದೋಸೆ ತರಿಸಿದರು. ದೋಸೆ ತಣ್ಣಗಾಗಿತ್ತು ಎಂದು ದಿನಚರಿಯಲ್ಲಿದೆ. ನನ್ನ ನಾಲಿಗೆಯ ನೆನಪಿನಲ್ಲಿ ಅದು ಬಿಸಿಯಾಗಿದೆ, ಗರಿಗರಿಯಾಗಿದೆ. ಈ ಒಂದು ವಿಷಯದಲ್ಲಿ ನಾಲಿಗೆಯನ್ನೇ ನಂಬುತ್ತೇನೆ.

ನಾನು ನಿವೃತ್ತಳಾಗುವ ಹೊತ್ತಿಗೆ ಪುಟ್ಟಸ್ವಾಮಿಯವರು ಹೊಸ ಡಾಕ್ಟರುಗಳಿಗೆ ಕಲಿಸುತ್ತಿದ್ದರು. ಯಾರಾದರೂ ಪೆಡಲ್ ಮೇಲೆ ಕಾಲು ಮರೆತರೆ ಅವರೇ ಕೂಗುತ್ತಿದ್ದರು. ಮೈಸೂರಿನಿಂದ ಬಂದ ಒಬ್ಬ ಚುರುಕು ಡಾಕ್ಟರು, “ಮೇಡಂ, ಶನಿ ಮೋಡ್ ಎಲ್ಲಿದೆ, ಮೆನುವಿನಲ್ಲಿ ಕಾಣ್ತಿಲ್ಲ” ಎಂದು ನನ್ನನ್ನು ಕೇಳಿದ್ದರು. ಹೆಸರು ನಮ್ಮನ್ನು ದಾಟಿಕೊಂಡು ಮುಂದೆ ಹೋಗಿತ್ತು.

ಈಗ ಹಂಸನಿಗೆ ಹದಿನೆಂಟು. ಹೊಳೆನರಸೀಪುರದಲ್ಲಿ ಎರಡನೇ ಪಿಯುಸಿ, ವಿಜ್ಞಾನ. ವಾಲಿಬಾಲ್ ಆಡುತ್ತಾಳೆ. ಭಾನುವಾರ ಕೆಲವೊಮ್ಮೆ ಹಾಸನಕ್ಕೆ ನನ್ನ ಮನೆಗೆ ಬರುತ್ತಾಳೆ. ಅವಳ ಎರಡನೆಯ ಸಲದ ಕಥೆ, ಮೂರನೆಯ ಸಲದ ಕಥೆ ನಾನು ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿದೆ. ಆ ಎರಡು ಅಂಕಿಗಳನ್ನೂ ಹೇಳಿದ್ದೇನೆ, ಗೆಳತಿಯರಿಗೆ ಹೇಳಿಕೊಂಡು ಜಂಬವನ್ನೂ ಪಟ್ಟಿದ್ದಾಳೆ. ಮೊದಲ ಸಲದ್ದನ್ನು ಅವಳು ಕೇಳಿಲ್ಲ, ನಾನು ಹೇಳಿಲ್ಲ. ಅದರಿಂದ ಅವಳಿಗೆ ಏನೂ ಆಗದಿರುವ ಸಾಧ್ಯತೆಯೇ ಬಹಳ ಹೆಚ್ಚು. ಆ ದಿನ ಆ ಬೆಳಕು ಇಲ್ಲದಿದ್ದರೆ ಅವಳೇ ಇರುತ್ತಿರಲಿಲ್ಲ. ಊರಿನ ತಂದೆತಾಯಿಯರಿಗೆಲ್ಲ ಕರೆದು ಕರೆದು ಹೇಳಿದವಳು ನಾನು. ಇವಳ ಮೈಯ ಲೆಕ್ಕ ಈಗ ಇವಳದ್ದೇ, ಲತಾಳದ್ದಲ್ಲ, ಅಕ್ಕನದ್ದಲ್ಲ, ನನ್ನದಂತೂ ಅಲ್ಲ. ತಿಳಿದುಕೊಳ್ಳುವುದೂ ಅವಳ ಹಕ್ಕು, ಬೇಡ ಅನ್ನುವುದೂ ಅವಳ ಹಕ್ಕು.

ಹೋದ ಸಲ ಬಂದಾಗ ಇಬ್ಬರೂ ಅಡಿಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅವಳು ಕಾಲೇಜಿನ ಪಂದ್ಯದ ಸುದ್ದಿ ಹೇಳಿ ಮುಗಿಸಿದ್ದಳು. ಆಗ ನಾನೇ ಒಂದು ಪ್ರಶ್ನೆ ಕೇಳಿದೆ. ಅವಳ ಬೆರಳು ನಿಂತಿತು. ನನ್ನ ಮುಖ ನೋಡಿದಳು, ಆಮೇಲೆ ಕೈಯಲ್ಲಿದ್ದ ಕಾಯಿ ನೋಡಿದಳು, ಅದನ್ನು ಸುಲಿದು ಕಾಳು ಪಾತ್ರೆಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು. ಆಮೇಲೂ ಫೋನ್ ಮಾಡುತ್ತಾಳೆ, ಪರೀಕ್ಷೆಯ ವಿಷಯ, ಅಕ್ಕನ ಮಂಡಿ ನೋವಿನ ವಿಷಯ ಎಲ್ಲ ಮಾತಾಡುತ್ತಾಳೆ. ನಾನು ಮತ್ತೆ ಕೇಳಿಲ್ಲ. ಕೇಳಿದ್ದು ಇಷ್ಟೇ.

“ಹಂಸಾ, ನಿನ್ನ ಮೊದಲ ಸಲದ್ದು ಎಷ್ಟಿತ್ತು ಅಂತ ನಿನಗೆ ಹೇಳ್ಲಾ, ಬೇಡ್ವಾ?”